ಬೀಗರ ಮುಂದೆ ತಿರುಗಿದ ಫ್ಯಾನು

ನನ್ನ ಮೊಮ್ಮಗಳು ನಕ್ಕಳು!

ತುಟಿ ಅರಳಿಸುವ ನಗು ಅಲ್ಲ. ಅದು ಮೊದಲೇ ಬಂದಿತ್ತು, ಅದಕ್ಕೂ ನಾನು ಓಣಿಗೆಲ್ಲ ಸಕ್ಕರೆ ಹಂಚಿ ಆಗಿತ್ತು. ಇದು ಬೇರೆ. ಹೊಟ್ಟೆಯೊಳಗಿಂದ ಎದ್ದು, ಗಂಟಲಲ್ಲಿ ಉರುಳಾಡಿ, ಬೊಚ್ಚು ಬಾಯಿ ಪೂರ್ತಿ ತೆರೆದು ಗಲಗಲ ಅಂತ ಹೊರಗೆ ಬಿದ್ದ ನಗು. ಐದು ತಿಂಗಳ ಕೂಸು ಹೀಗೆ ನಗುವುದನ್ನು ನಾನು ಹೆತ್ತ ಮಕ್ಕಳಲ್ಲಿ ಕಂಡಿರಲಿಲ್ಲ. ನಕ್ಕಿರಬಹುದು. ಆಗ ನಿಂತು ನೋಡಲು ಪುರುಸೊತ್ತು ಯಾರಿಗಿತ್ತು?

ಹಾಗೆ ನಗಿಸಿದವಳು ನಾನೇ. ಇದರಲ್ಲಿ ಎರಡು ಮಾತಿಲ್ಲ, ಸಾಕ್ಷಿಗಳೂ ಇದ್ದಾರೆ. ಆದರೆ ನಗಿಸಬೇಕು ಅಂತ ಮಾಡಿದ್ದಲ್ಲ. ನಾನು ಮಾಡಲು ಹೊರಟಿದ್ದು ಗಾಲಿ ಮನೆಗೆ ಇನ್ವರ್ಟರ್ ಜೋಡಿಸುವ ಕೆಲಸ.

ಗಾಲಿ ಮನೆ ಅಂದರೆ ನಮ್ಮ ಮಗ ಮಂಜು ಮಾಡಿಸಿದ ಟ್ರೇಲರ್. ನಮ್ಮದು ಹಾವೇರಿ ಹತ್ತಿರ ಅಗಡಿ. ಮಂಜು ಸುಗ್ಗಿಯಲ್ಲಿ ಗೋವಿನಜೋಳದ ಕಾಳು ಬಿಡಿಸುವ ರಾಶಿ ಮಷಿನ್ನು ತೆಗೆದುಕೊಂಡು ಊರೂರು ತಿರುಗುತ್ತಾನೆ. ಕಂಡವರ ಕಟ್ಟೆಯ ಮೇಲೆ ಮಲಗಿ ಬೇಸತ್ತು, ಟ್ರ್ಯಾಕ್ಟರಿಗೆ ಕಟ್ಟುವ ಟ್ರೇಲರಿನ ಮೇಲೆ ತಗಡಿನ ಒಂದು ಖೋಲಿ ಕೂಡಿಸಿಕೊಂಡ. ಒಳಗೆ ಎರಡು ಹಲಗೆ ಮಂಚ, ಒಂದು ಕಿಟಕಿ, ಒಂದು ಬ್ಯಾಟರಿ, ಒಂದು ಬಲ್ಬು. ಸೊಸೆ ರೂಪಾ ಕಿಟಕಿಗೆ ಹೂವಿನ ಪರದೆ ಹಾಕಿದ್ದಳು. ನಿಂತ ಊರಿನಲ್ಲಿ ಯಾರದಾದರೂ ಮನೆಯ ಕರೆಂಟಿಗೆ ಉದ್ದನೆಯ ವಾಯರಿನ ಪಿನ್ನು ಚುಚ್ಚಿದರೆ ಒಳಗಿನ ಬೋರ್ಡಿಗೆಲ್ಲ ಕರೆಂಟು ಬಂದು, ಚಾರ್ಜರು ಬ್ಯಾಟರಿ ತುಂಬಿಸುತ್ತಿತ್ತು. ಹೊರಗಿನಿಂದ ನೋಡಿದರೆ ಹಿಟ್ಟಿನ ಡಬ್ಬಿಗೆ ಗಾಲಿ ಹಚ್ಚಿದ ಹಾಗೆ ಕಾಣುತ್ತದೆ. ಆದರೆ ನಮಗೆ ಅದು ಅರಮನೆ.

ರೂಪಾ ಹೆರಿಗೆಗೆ ತವರಿಗೆ ಹೋಗಿದ್ದಳು. ತವರು ರಾಣೆಬೆನ್ನೂರು. ಅಲ್ಲಿ ಬೀಗರದು ಬಟ್ಟೆ ಅಂಗಡಿ. ಬಾಣಂತಿಯನ್ನೂ ಕೂಸನ್ನೂ ಬೆಸ ತಿಂಗಳಲ್ಲಿ ಕರೆತರಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ. ಮೂರನೇ ತಿಂಗಳಲ್ಲಿ ಬೀಗತಿ ಸರೋಜಕ್ಕ "ಇನ್ನಾ ಕುತ್ತಿಗಿ ನಿಂತಿಲ್ರಿ ಕೂಸಿಂದು" ಅಂದರು. ಒಪ್ಪಿದೆವು. ಈಗ ಐದನೆಯದು ಮುಗಿಯುತ್ತ ಬಂದಿತ್ತು. ಉಳಿದದ್ದು ಒಂದೇ ಒಳ್ಳೆಯ ಸೋಮವಾರ. ಅದು ತಪ್ಪಿದರೆ ಏಳನೇ ತಿಂಗಳು. ಅಷ್ಟರಲ್ಲಿ ಕೂಸು ಅಂಬೆಗಾಲಿಟ್ಟು ತಾನೇ ಬಂದುಬಿಡುತ್ತದೆ ಅಂತ ನಮ್ಮ ಮನೆಯವರು ಹಾಸ್ಯ ಮಾಡುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ರಾತ್ರಿ ಖಾಲಿ ತೊಟ್ಟಿಲು ತೂಗಿ ನೋಡಿಕೊಳ್ಳುತ್ತಿದ್ದ ಹೆಂಗಸು ನಾನು.

ಶುಕ್ರವಾರ ಸರೋಜಕ್ಕನ ಫೋನು ಬಂತು.

"ಬೀಗತಿ, ಸೋಮವಾರ ಬರ್ರಿ, ಅಡ್ಡಿ ಇಲ್ಲ. ಕೂಸಿನ್ನ ಯಾತರಾಗ ಒಯ್ತೀರಿ?"

"ನಮ್ಮ ಗಾಲಿ ಮನ್ಯಾಗರಿ. ತೊಟ್ಟಲಾ ಅದರಾಗ ಕಟ್ಟೇವಿ. ಕೂಸು ಮನೀಗೆ ಹೋಗೂದಲ್ಲ, ಮನೀನ ಕೂಸಿನ ಹಂತ್ಯಾಕ ಬರತೈತಿ ನೋಡ್ರಿ."

"ಈ ಬಿಸಲಾಗ ತಗಡಿನ ಡಬ್ಬ್ಯಾಗ? ಫ್ಯಾನ್ ಐತೇನ್ರಿ ಅದರಾಗ?"

ಇಲ್ಲಿ "ಇಲ್ರಿ" ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬೀಗರು ಏನಾದರೂ ಇದೆಯೇ ಅಂತ ಕೇಳಿದಾಗ ಇಲ್ಲ ಅನ್ನುವ ಅಭ್ಯಾಸ ನಮ್ಮ ಮನೆತನದಲ್ಲಿ ಇಲ್ಲ.

"ಐತ್ರಿ" ಅಂದೆ. "ದೊಡ್ಡದು."

ಫೋನು ಇಟ್ಟ ಮೇಲೆ ನಮ್ಮ ಮನೆಯವರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಎಲ್ಲೈತಿ ಫ್ಯಾನು?"

"ಆಗತೈತಿ."

"ಬ್ಯಾಟರಿ ಮ್ಯಾಲ ಒಂದು ಬಲ್ಬ್ ಹತ್ತೂದ ಕಷ್ಟ. ಫ್ಯಾನ್ ಯಾವಾನ ತಿರಗಸ್ತಾನ?"

"ಇನ್ವರ್ಟರ್ ತಿರಗಸತೈತಿ" ಅಂದೆ. ಮಂಜು ಒಂದು ಸಣ್ಣ ಇನ್ವರ್ಟರ್ ತಂದು, ಜೋಡಿಸಲು ಪುರುಸೊತ್ತಾಗದೆ ಅಟ್ಟದ ಮೇಲೆ ಇಟ್ಟಿದ್ದ. ಅವನು ಹೆಂಡತಿಯ ಗಂಟು ಮೂಟೆ ಕಟ್ಟಿಸಲು ಆಗಲೇ ರಾಣೆಬೆನ್ನೂರಿಗೆ ಹೋಗಿದ್ದ. ಉಳಿದವರು ನಾವಿಬ್ಬರು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಕರೆಂಟಿನ ಬಗ್ಗೆ ನನಗೆ ಮೊದಲಿನಿಂದಲೂ ಬಹಳ ಕುತೂಹಲ. ಅದು ಕಾಣುವುದಿಲ್ಲ, ವಾಸನೆ ಇಲ್ಲ, ಆದರೂ ಮಿಕ್ಸರಿನಲ್ಲಿ ಹುಣಸೆಹಣ್ಣನ್ನು ಅರೆಯುತ್ತದೆ. ದೇವರಿಗೂ ಅದಕ್ಕೂ ಇರುವ ಫರಕು ಇಷ್ಟೇ, ಅದಕ್ಕೆ ಬಿಲ್ಲು ಬರುತ್ತದೆ. ಪೆಟ್ಟಿಗೆ ಕೆಳಗಿಳಿಸಿ ಧೂಳು ಹೊಡೆದು, ಫೋನಿನಲ್ಲಿ ಮಂಜುನನ್ನು ಕೇಳಿದೆ.

"ಅಲ್ಲೋ, ಬ್ಯಾಟರ್ಯಾಗೂ ಕರೆಂಟ ಐತಿ, ಮನ್ಯಾಗೂ ಕರೆಂಟ ಐತಿ. ನಡುವ ಈ ಪೆಟಗಿ ಯಾಕ ಬೇಕು?"

"ಬ್ಯಾಟರಿ ಕರೆಂಟ ಬ್ಯಾರೆ, ಮನಿ ಕರೆಂಟ ಬ್ಯಾರೆ ಯವ್ವಾ. ಬ್ಯಾಟರೀದು ಸಣ್ಣದು, ಒಂದ ಕಡೆ ಹರೀತೈತಿ. ಇನ್ವರ್ಟರ್ ಅದನ್ನ ಮನಿ ಕರೆಂಟ ಮಾಡಿ ಕೊಡತೈತಿ."

ನನಗೆ ತಕ್ಷಣ ತಿಳಿಯಿತು. ಬ್ಯಾಟರಿಯೊಳಗೆ ಇರುವುದು ಹಿಟ್ಟು. ಫ್ಯಾನಿಗೆ ಬೇಕಾದದ್ದು ರೊಟ್ಟಿ. ಇನ್ವರ್ಟರ್ ಅಂದರೆ ನಡುವೆ ಕುಳಿತು ರೊಟ್ಟಿ ಬಡಿಯುವವಳು. ಇಷ್ಟು ಸರಳ ಸಂಗತಿಯನ್ನು ಕಲಿಯಲು ಜನ ಹುಬ್ಬಳ್ಳಿ ಧಾರವಾಡಕ್ಕೆ ಯಾಕೆ ಹೋಗುತ್ತಾರೋ.

"ನಾನು ಬಂದ ಜೋಡಸ್ತೀನಿ, ನೀ ಮುಟ್ಟಬ್ಯಾಡ" ಅಂದ ಮಂಜು.

"ನೀ ಬರೂದು ಕೂಸಿನ್ನ ಕರಕೊಂಡು. ಆಮ್ಯಾಲ ಜೋಡಿಸಿ ಏನ್ ಮಾಡ್ತಿ? ಹೇಳು, ನಾ ಮಾಡ್ತೀನಿ."

ಹೀಗೆ ಶನಿವಾರ ಮುಂಜಾನೆ ಕಾಮಗಾರಿಗೆ ಚಾಲನೆ ದೊರೆಯಿತು. ಚಾಲನೆ ಅಂದ ಮೇಲೆ ಪೂಜೆ. ನಮ್ಮಲ್ಲಿ ಟ್ರ್ಯಾಕ್ಟರಿಗೆ, ಪಂಪಸೆಟ್ಟಿಗೆ, ರಾಶಿ ಮಷಿನ್ನಿಗೆ, ಕಡೆಗೆ ಹೊಸ ಕಸಬರಿಗೆಗೂ ಪೂಜೆ ಇಲ್ಲದೆ ಕೈ ಹಚ್ಚುವುದಿಲ್ಲ. ಮೊಮ್ಮಗಳಿಗೆ ಗಾಳಿ ಬೀಸುವ ಬ್ಯಾಟರಿಯನ್ನು ಹಾಗೇ ಬಿಡಲು ಆಗುತ್ತದೆಯೇ? ಬ್ಯಾಟರಿ ತೊಳೆದು, ಒರೆಸಿ, ಮಣೆಯ ಮೇಲೆ ಕೂಡಿಸಿದೆ. ಅದರ ತಲೆಯ ಮೇಲೆ ತಂತಿ ಬಿಗಿಯುವ ಎರಡು ಗಿಡ್ಡ ಕಂಬ ಇರುತ್ತವೆ. ಎರಡಕ್ಕೂ ಅರಿಶಿನ ಮೆತ್ತಿ, ಮೇಲೆ ಕುಂಕುಮ ಢಾಳವಾಗಿ ಹಚ್ಚಿದೆ. ಒಂದಕ್ಕೆ ಹಚ್ಚಿ ಇನ್ನೊಂದಕ್ಕೆ ಬಿಟ್ಟರೆ ಬಿಟ್ಟದ್ದಕ್ಕೆ ಬೇಜಾರಾಗುವುದಿಲ್ಲವೇ? ಮಲ್ಲಿಗೆ ಏರಿಸಿದೆ. ಊದಿನಕಡ್ಡಿ ಬೆಳಗಿದೆ. ನಮ್ಮ ಮನೆಯವರು ಕಾಯಿ ಒಡೆಯಲು ಸಿದ್ಧರಾಗಿ ನಿಂತರು. ಮಂಜು ಫೋನಿನಲ್ಲಿ ಇದ್ದ.

"ಯವ್ವಾ, ಭಾಳ ಸರಳ ಐತಿ. ಇನ್ವರ್ಟರಿಗೆ ಎರಡು ವಾಯರ್ ಅದಾವ. ಕೆಂಪು ವಾಯರ್ ಬ್ಯಾಟರಿ ಮ್ಯಾಲಿನ ಕೆಂಪಕ್ಕ, ಕರೀದು ಕರೀದಕ್ಕ. ಇಷ್ಟ."

ನೋಡಿದೆ. ಬ್ಯಾಟರಿಯ ಎರಡೂ ಕಂಬಗಳು ಕೆಂಪಗೆ ಹೊಳೆಯುತ್ತಿದ್ದವು.

"ಕರೀದು ಇಲ್ಲಲ್ಲೋ."

"ಇರತೈತಿ ನೋಡು ಛಲೋತಂಗ."

"ಎರಡೂ ಕೆಂಪು ಅದಾವ."

"ಹೆಂಗ ಎರಡೂ ಕೆಂಪು ಇರತಾವ? ಬ್ಯಾಟರಿ ಅದು."

ಒರೆಸಿ ನೋಡಬಹುದಿತ್ತು. ಆದರೆ ಹಚ್ಚಿದ ಕುಂಕುಮವನ್ನು ಒರೆಸುವುದು ಮುತ್ತೈದೆಯ ಕೈಯಿಂದ ಆಗುವ ಕೆಲಸವಲ್ಲ, ಅದೂ ಮೊಮ್ಮಗಳು ಮನೆಗೆ ಬರುವ ಹೊತ್ತಿನಲ್ಲಿ. ಬೇರೆ ದಾರಿ ಹುಡುಕಿದೆ. ಮದುಮಗಳು ಹೊಸ್ತಿಲು ದಾಟುವಾಗ ಇಡುವುದು ಯಾವ ಕಾಲು? ಬಲಗಾಲು. ಪ್ರಸಾದಕ್ಕೆ ಚಾಚುವುದು ಯಾವ ಕೈ? ಬಲಗೈ. ಶುಭವೆಲ್ಲ ಬಲಗಡೆ. ಆದ್ದರಿಂದ ಕೆಂಪು ವಾಯರ್ ಬಲಗಡೆಯ ಕಂಬಕ್ಕೆ. ಈ ನಿರ್ಣಯವನ್ನು ನಮ್ಮ ಮನೆಯವರ ಮುಂದೆ ಮಂಡಿಸಿದೆ. ಅವರು ಕಾಯಿ ಎತ್ತಿ ಹಿಡಿದಿದ್ದರು, ಕೈ ನೋಯುತ್ತಿತ್ತು, ಒಪ್ಪಿದರು.

ಎರಡನೇ ವಾಯರ್ ತಾಗಿಸಿದ್ದೇ ತಡ, ಕಿಡಿ ಹಾರಿತು. ಪೆಟ್ಟಿಗೆಯೊಳಗೆ ಫಟ್ ಅಂತು. ರೊಟ್ಟಿ ಹೊತ್ತಿದ ವಾಸನೆ ಬಂತು. ನಮ್ಮ ಮನೆಯವರ ಕೈಯಿಂದ ತೆಂಗಿನಕಾಯಿ ತಾನೇ ಬಿದ್ದು ಎರಡು ಹೋಳಾಯಿತು.

"ಏನಾತು?" ಅಂದ ಮಂಜು ಫೋನಿನಲ್ಲಿ.

"ಏನಿಲ್ಲಪಾ. ಕಾಯಿ ಒಡದ್ವಿ."

ಇನ್ವರ್ಟರನ್ನು ಟವೆಲಿನಲ್ಲಿ ಸುತ್ತಿ, ಪೆಟ್ಟಾದ ಕೋಳಿಮರಿಯನ್ನು ಒಯ್ಯುವ ಹಾಗೆ ಎದೆಗೊತ್ತಿಕೊಂಡು ಬಸ್ಸಿನಲ್ಲಿ ಹಾವೇರಿಗೆ ಹೋದೆ. ಎಲೆಕ್ಟ್ರಿಕ್ ಅಂಗಡಿಯವನು ಬಿಚ್ಚಿ ನೋಡಿ, ಬೆರಳು ಉಜ್ಜಿಕೊಂಡು, ಮೂಸಿ ನೋಡಿದ.

"ಅವ್ವಾರ, ಇದಕ್ಕ ಕುಂಕುಮ ಯಾಕ ಬಂದೈತ್ರಿ?"

"ಪೂಜಾ ಮಾಡಿದ್ವಿ."

"ಪೂಜಾ ಛಲೋ ಆಗೇತಿ. ವಾಯರ್ ತಿರುವುಮುರುವು ಆಗ್ಯಾವು. ಫ್ಯೂಜ ಹೋಗೈತಿ, ಅಷ್ಟ." ಹೊಸ ಫ್ಯೂಜು ಹಾಕುತ್ತ, ಬ್ಯಾಟರಿಯ ಮೇಲೆ ಕಂಬದ ಬುಡದಲ್ಲಿ ಕೂಡಿಸುವ ಗುರುತು, ಕಳೆಯುವ ಗುರುತು ಇರುತ್ತವೆ, ಕೆಂಪು ವಾಯರ್ ಕೂಡಿಸುವುದಕ್ಕೆ ಅಂತ ಹೇಳಿಕೊಟ್ಟ. ಕೂಡಿಸುವುದು, ಕಳೆಯುವುದು ನಾನು ನಾಲ್ಕನೇ ಇಯತ್ತೆಯೊಳಗೇ ಮುಗಿಸಿದ್ದೆ. ಅರಿಶಿನದ ಕೆಳಗೆ ಮುಚ್ಚಿಹೋದರೆ ನನ್ನ ತಪ್ಪೇ?

"ಯಾತಕ್ಕ ಬೇಕಾಗಿತ್ರಿ ಇದು?" ಅಂದ.

"ಟ್ರೇಲರಿನ್ಯಾಗ ಫ್ಯಾನ್ ತಿರಗಸಾಕ."

"ಬ್ಯಾಟರಿ ಮ್ಯಾಲ ಸೀದಾ ತಿರಗೂ ಸಣ್ಣ ಫ್ಯಾನ್ ಬರ್ತಾವಲ್ರಿ. ಇನ್ವರ್ಟರ ಬ್ಯಾಡ, ಏನೂ ಬ್ಯಾಡ. ಕೊಡ್ಲೇನು?"

ಆ ಮಾತು ಕೇಳಿ ಒಂದು ಗಳಿಗೆ ಮನಸ್ಸು ಅಲ್ಲಾಡಿತು. ಆದರೆ ನಾನು ಬೀಗತಿಗೆ ಹೇಳಿದ್ದು ಫ್ಯಾನು ಅಂತ ಅಲ್ಲ, ದೊಡ್ಡ ಫ್ಯಾನು ಅಂತ.

"ನಮಗ ಗೊತ್ತೈತಿ. ನಮಗ ದೊಡ್ಡದ ಬೇಕು" ಅಂದು ಎದ್ದೆ.

ಮನೆಗೆ ಬಂದ ಮೇಲೆ ಕುಂಕುಮ ಒರೆಸುವ ಕೆಲಸವನ್ನು ನಮ್ಮ ಮನೆಯವರು ವಹಿಸಿಕೊಂಡರು. ಗಂಡಸರಿಗೆ ಅದರ ದೋಷ ತಾಗುವುದಿಲ್ಲವಂತೆ. ಕೂಡಿಸುವ ಗುರುತು ಎಡಗಡೆ ಇತ್ತು. ಅದಕ್ಕೆ ಕೆಂಪು ಬಿಗಿದು ಇನ್ವರ್ಟರಿನ ಬಟನ್ ಒತ್ತಿದೆವು. ಹಸಿರು ದೀಪ ಹತ್ತಿತು. ಟ್ರೇಲರಿನ ಉದ್ದನೆಯ ಪಿನ್ನು ಇತ್ತಲ್ಲ, ಪರರ ಮನೆಯ ಕರೆಂಟಿಗೆ ಚುಚ್ಚುವುದು, ಅದನ್ನು ಇನ್ವರ್ಟರಿನ ತೂತಿಗೇ ಚುಚ್ಚಿದೆ. ಇದು ಪೂರ್ತಿ ನನ್ನ ಬುದ್ಧಿ, ಯಾರೂ ಹೇಳಿಕೊಟ್ಟದ್ದಲ್ಲ. ಖೋಲಿಯ ಒಳಗಿನ ಬಲ್ಬು ಹತ್ತಿತು. ಫೋನಿಟ್ಟರೆ ಫೋನಿಗೂ ಕರೆಂಟು. ಹಿಗ್ಗಿ ಹೀರೇಕಾಯಿ ಆದೆ.

ಆಗ ಇನ್ನೊಂದು ಸೋಜಿಗ ಕಣ್ಣಿಗೆ ಬಿತ್ತು. ಮೂಲೆಯಲ್ಲಿದ್ದ ಬ್ಯಾಟರಿ ತುಂಬಿಸುವ ಚಾರ್ಜರಿನ ದೀಪವೂ ಹತ್ತಿಕೊಂಡಿತ್ತು. ನಿಂತು ವಿಚಾರ ಮಾಡಿದೆ. ಬ್ಯಾಟರಿಯಿಂದ ಇನ್ವರ್ಟರಿಗೆ ಕರೆಂಟು. ಇನ್ವರ್ಟರಿನಿಂದ ಚಾರ್ಜರಿಗೆ. ಚಾರ್ಜರಿನಿಂದ ಮತ್ತೆ ಬ್ಯಾಟರಿಗೆ. ಅಂದರೆ ಬ್ಯಾಟರಿ ತನ್ನ ಹೊಟ್ಟೆಯನ್ನು ತಾನೇ ತುಂಬಿಸಿಕೊಳ್ಳುತ್ತಿದೆ. ಇನ್ನು ಇದು ಯಾವತ್ತೂ ಮುಗಿಯುವುದಿಲ್ಲ. ಇಷ್ಟು ಸುಲಭದ ಸಂಗತಿ ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ ಅಂತ ಲೋಕದ ಬಗ್ಗೆ ಮರುಕ ಹುಟ್ಟಿತು.

"ಬರ್ರಿಲ್ಲೆ, ನೋಡ್ರಿ" ಅಂತ ಕರೆದು ತೋರಿಸಿದೆ. ನಮ್ಮ ಮನೆಯವರು ವಾಯರಿನ ಮೇಲೆ ಬೆರಳಾಡಿಸುತ್ತ ಒಂದು ಸುತ್ತು ಹೋಗಿ ಹೊರಟ ಜಾಗಕ್ಕೇ ಬಂದರು.

"ಇದು ನಡೆಯಂಗಿಲ್ಲ ನೀಲವ್ವ."

"ಯಾಕ ನಡೆಯಂಗಿಲ್ಲ? ನಿನ್ನಿನ ಮೊಸರಿಲೆ ಇವತ್ತು ಹೆಪ್ಪು ಹಾಕ್ತೀನಿ. ಇವತ್ತಿನ ಮೊಸರಿಲೆ ನಾಳಿಗೆ. ನಮ್ಮತ್ತಿ ಕಾಲದಿಂದ ಅದ ಮೊಸರು ನಡದೈತಿ. ಮುಗದೈತೇನು?"

"ಹೆಪ್ಪು ಹಾಕಾಕ ದಿನಾ ಹಾಲು ಬೇಕಲ್ಲ? ಇದರಾಗ ಎಮ್ಮಿ ಎಲ್ಲೈತಿ?"

ಉತ್ತರ ಇಲ್ಲದ ಪ್ರಶ್ನೆಗಳನ್ನು ನಾನು ಗಂಡನ ಹೊಟ್ಟೆಕಿಚ್ಚಿನ ಪಟ್ಟಿಗೆ ಸೇರಿಸುತ್ತೇನೆ. ಶನಿವಾರವಿಡೀ, ಭಾನುವಾರವಿಡೀ ಎಲ್ಲವನ್ನೂ ಚಾಲೂ ಇಟ್ಟೆ. ಓಣಿಯ ಹೆಂಗಸರು ಬಂದು ನೋಡಿ ಮೆಚ್ಚಿಕೊಂಡು ಹೋದರು. ಒಬ್ಬಳು ತನ್ನ ಮನೆಯ ಕರೆಂಟು ಬಿಲ್ಲಿಗೂ ಇದರಿಂದ ಏನಾದರೂ ಆಗುತ್ತದೆಯೇ ಅಂತ ಕೇಳಿದಳು. ಮೊಮ್ಮಗಳು ಬಂದ ಮೇಲೆ ಪುರುಸೊತ್ತಾಗಿ ನೋಡೋಣ ಅಂದೆ.

ಸೋಮವಾರ ನಸುಕಿನಲ್ಲಿ ಗಾಲಿ ಮನೆಯಿಂದ ಕುಂಯ್, ಕುಂಯ್ ಅಂತ ಸದ್ದು ಕೇಳಿತು.

"ನಾಯಿಮರಿ ಹೊಕ್ಕೈತೇನು ನೋಡು" ಅಂದರು ನಮ್ಮ ಮನೆಯವರು.

ನಾಯಿಮರಿ ಅಲ್ಲ, ಇನ್ವರ್ಟರ್. ಹಸಿರು ದೀಪ ಹೋಗಿ ಕೆಂಪು ಬಂದಿತ್ತು. ನೋಡುತ್ತ ನಿಂತ ಹಾಗೇ ಅದೂ ಆರಿತು. ಬ್ಯಾಟರಿ ತನ್ನನ್ನು ತಾನು ತುಂಬಿಸಿಕೊಳ್ಳುತ್ತ, ತುಂಬಿಸಿಕೊಳ್ಳುತ್ತ, ಪೂರ್ತಿ ಖಾಲಿಯಾಗಿತ್ತು. ನಮ್ಮ ಮನೆಯವರು ಹಿತ್ತಲಿನ ಕಡೆ ಮುಖ ಮಾಡಿ, ಕಟ್ಟಿದ ಎಮ್ಮೆಯನ್ನು ಒಂದು ಸಲ ನೋಡಿದರು, ಅಷ್ಟೇ.

ಊರಿನಲ್ಲಿ ಕರೆಂಟು ಬರುವುದು ಮಧ್ಯಾಹ್ನಕ್ಕೆ. ಅಲ್ಲಿಯವರೆಗೆ ಕಾಯುವಂತಿಲ್ಲ. ದಾರಿಯಲ್ಲಿ ಹೇಗೂ ಬ್ಯಾಡಗಿಗೆ ಹೋಗುವುದಿತ್ತು. ಅಲ್ಲಿ ನನ್ನ ಅಕ್ಕ ಶಿವಕ್ಕ ಇದ್ದಾಳೆ, ದೊಡ್ಡ ಫ್ಯಾನು ಇರುವುದೂ ಅವಳ ಹತ್ತಿರವೇ. ಅಲ್ಲಿಯೇ ಬ್ಯಾಟರಿ ತುಂಬಿಸಿಕೊಳ್ಳುವುದು ಅಂತ ಠರಾವು ಆಯಿತು. ನಮ್ಮ ಮನೆಯವರು ಟ್ರ್ಯಾಕ್ಟರ್ ಹೂಡಿದರು. ನಾನು ಗಾಲಿ ಮನೆಯಲ್ಲಿ ತೊಟ್ಟಿಲು ಹಿಡಿದುಕೊಂಡು ಕುಳಿತೆ.

ಬ್ಯಾಡಗಿ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಶಿವಕ್ಕನ ಮನೆಯ ಹಿಂದೆ ಒಂದು ತಗಡಿನ ಶೆಡ್ಡು. ಸೀಸನ್ನಿನಲ್ಲಿ ಇಪ್ಪತ್ತು ಹೆಂಗಸರು ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಅವರಿಗೆ ಗಾಳಿ ಬೀಸಲೆಂದೇ ಆ ಫ್ಯಾನು. ಎದೆಯೆತ್ತರ ನಿಲ್ಲುತ್ತದೆ, ಮುಖ ಹಿಟ್ಟು ನಾದುವ ಪರಾತದಷ್ಟು ಅಗಲ. ನೋಡಿದ ಕೂಡಲೇ ಮನಸ್ಸು ತುಂಬಿತು. ಇದು ಬೀಗರ ಮುಂದೆ ನಿಲ್ಲಿಸುವಂಥ ಫ್ಯಾನು.

"ಒರಸಿ ಇಟ್ಟೀನಿ" ಅಂದಳು ಶಿವಕ್ಕ. ಖರೇ, ಮುಂದಿನ ತಂತಿ ಜಾಳಿಗೆ ಫಳಫಳ ಹೊಳೆಯುತ್ತಿತ್ತು. "ಒಂದ್ಸಲ ಹಚ್ಚಿ ನೋಡ್ತೀಯೇನ, ತಂಗೀ? ಭಾಳ ದಿನಾ ಆತು ತಿರಗಿಲ್ಲ."

ನಮ್ಮ ಮನೆಯವರೂ ಹೂಂ ಅಂದರು. ಬ್ಯಾಟರಿ ಆಗ ಶಿವಕ್ಕನ ಮನೆಯ ಕರೆಂಟು ಕುಡಿಯುತ್ತ ಕುಳಿತಿತ್ತು.

"ಈಗ ಬ್ಯಾಡ" ಅಂದೆ. "ತುಂಬಿದ ಕರೆಂಟ ಇಲ್ಲೇ ಖರ್ಚು ಮಾಡಿದ್ರ ಕೂಸಿಗೆ ಏನ್ ಉಳೀತೈತಿ? ಅಲ್ಲೇ ಹಚ್ಚೂಣು."

"ಇಲ್ಲೇ ನಮ್ಮನಿ ಬೋರ್ಡಿಗೆ ಹಚ್ಚಿ ನೋಡಬಹುದಲ್ಲ?" ಅಂದಳು ಶಿವಕ್ಕ.

ಆ ಮಾತಿನಲ್ಲಿ ಅರ್ಥವಿತ್ತು ಅಂತ ಈಗ ತಿಳಿಯುತ್ತದೆ. ಆಗ ಅವಳು ಉಪ್ಪಿಟ್ಟಿನ ತಾಟು ಮುಂದೆ ಇಟ್ಟಿದ್ದಳು. ಬ್ಯಾಟರಿ ತುಂಬುವವರೆಗೆ ನಾವೂ ತುಂಬಿಕೊಂಡೆವು. ಫ್ಯಾನಿಗೆ ಹಳೆಯ ಇಲಕಲ್ ಸೀರೆ ಸುತ್ತಿ, ಒಂದು ಸೇವಂತಿಗೆ ಮಾಲೆ ಏರಿಸಿ, ಗಾಲಿ ಮನೆಯಲ್ಲಿ ತೊಟ್ಟಿಲಿನ ಎದುರಿಗೆ ಹಗ್ಗದಿಂದ ಬಿಗಿದು ಹೊರಟೆವು.

ರಾಣೆಬೆನ್ನೂರಿನಲ್ಲಿ ಬೀಗರ ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಾಗ ಮಟಮಟ ಮಧ್ಯಾಹ್ನ. ರೂಪಾ ಕೂಸನ್ನು ಎತ್ತಿಕೊಂಡು ಬೇವಿನ ಗಿಡದ ನೆರಳಿಗೆ ಬಂದಳು. ನಾನು ಇಳಿದು ಓಡಿದೆ. ಕೂಸು ನನ್ನ ಮೂಗುತಿ ಹಿಡಿಯಿತು. ಇಡೀ ದಿನ ಹಾಗೇ ಹಿಡಿದುಕೊಂಡಿದ್ದರೂ ನಾನು ಬಿಡಿಸುತ್ತಿರಲಿಲ್ಲ. ಆದರೆ ಸರೋಜಕ್ಕ ಸೊಂಟಕ್ಕೆ ಸೆರಗು ಸಿಗಿಸಿ ಆಗಲೇ ಗಾಲಿ ಮನೆಯ ಮೆಟ್ಟಿಲು ಹತ್ತಿದ್ದರು, ತಪಾಸಣೆಗೆ.

"ತೊಟ್ಟಲಾ ಛಲೋ ಕಟ್ಟೀರಿ. ಪರದೇನೂ ಛಲೋ ಐತಿ" ಅಂದರು ಒಳಗಿನಿಂದ. "ಕಾವು ಮಾತ್ರ ಇಡ್ಲಿ ಪಾತ್ರಿ ಆದಂಗ ಆಗೈತಿ. ಫ್ಯಾನ್ ಎಲ್ಲೈತ್ರಿ, ಬೀಗತಿ?"

ಈ ಮಾತಿಗಾಗಿಯೇ ನಾನು ಮೂರು ದಿನದಿಂದ ಬದುಕಿದ್ದೆ. ಕೂಸನ್ನು ರೂಪಾಳ ಕೈಗೆ ಕೊಟ್ಟು ಒಳಗೆ ಹೋದೆ. ಬೀಗರನ್ನೂ ಕರೆದೆ. ಅವರು ಬಹಳ ಗಂಭೀರ ಮನುಷ್ಯ, ಬಿಳಿ ಟೋಪಿ, ಇಸ್ತ್ರಿ ಮಾಡಿದ ಅಂಗಿ, ಮಾತು ಗಜಕೋಲಿನಿಂದ ಅಳೆದು ಕತ್ತರಿಸಿದಷ್ಟೇ. ಪಕ್ಕದ ಮನೆಯ ಇಬ್ಬರು ಹೆಂಗಸರೂ ಹತ್ತಿದರು. ಬಾಗಿಲಿನಲ್ಲಿ ಮಂಜು. ಎಲ್ಲರೂ ತಗಡಿನ ಖೋಲಿಯಲ್ಲಿ ಬೆವರುತ್ತ ಫ್ಯಾನಿಗೆ ಎದುರಾಗಿ ಒತ್ತೊತ್ತಾಗಿ ನಿಂತರು. ನಾನು ಇಲಕಲ್ ಸೀರೆಯನ್ನು ನಿಧಾನಕ್ಕೆ ಸರಿಸಿದೆ.

"ಅಬ್ಬ, ಖರೇನ ದೊಡ್ಡದು ಐತ್ರಿ" ಅಂದರು ಸರೋಜಕ್ಕ.

ಇನ್ವರ್ಟರಿನ ಬಟನ್ ಒತ್ತಿದೆ. ಹಸಿರು ದೀಪ. ಫ್ಯಾನಿಗೆ ಒಂದು, ಎರಡು, ಮೂರು ಅಂತ ನಂಬರು ಇದ್ದವು. ಬೀಗರ ಮುಂದೆ ಒಂದನೇ ನಂಬರಿನಲ್ಲಿ ತಿರುಗಿಸುವುದು ಕಂಜೂಸತನ. ಸೀದಾ ಮೂರಕ್ಕೆ ಒತ್ತಿದೆ.

ರೆಕ್ಕೆಗಳು ಒಂದು ಸಲ ನರಳಿ, ಆಮೇಲೆ ಭರ್ರನೆ ತಿರುಗಿದವು. ತಿರುಗಿದವು! ಒಂದೇ ಒಂದು ಉಸಿರಿನಷ್ಟು ಹೊತ್ತು ನಾನು ಈ ಭೂಮಿಯ ಮೇಲಿನ ಅತ್ಯಂತ ಸುಖೀ ಹೆಂಗಸಾಗಿದ್ದೆ.

ಆಮೇಲೆ ಆ ಉಸಿರನ್ನು ಒಳಗೆ ಎಳೆದುಕೊಂಡೆ.

ಶಿವಕ್ಕ ಜಾಳಿಗೆ ಒರೆಸಿದ್ದಳು. ಅದರ ಹಿಂದಿನ ರೆಕ್ಕೆಗಳನ್ನು ಒರೆಸಿರಲಿಲ್ಲ. ಒಂದು ಇಡೀ ಸೀಸನ್ನಿನ ಬ್ಯಾಡಗಿ ಮೆಣಸಿನಕಾಯಿಯ ಹುಡಿ ಅವುಗಳ ಮೇಲೆ ಪದರ ಪದರವಾಗಿ ಕುಳಿತು ಇದೇ ಗಳಿಗೆಗೆ ಕಾಯುತ್ತಿತ್ತು. ಖೋಲಿಯಲ್ಲಿ ಕೆಂಪನೆಯ ಮೋಡ ಎದ್ದಿತು. ಮೊದಲು ಸೀನಿದವರು ಬೀಗರು. ಆ ಗಂಭೀರ ಮನುಷ್ಯ ಸೀನಿದ ರಭಸಕ್ಕೆ ಟೋಪಿ ಹಾರಿ ತೊಟ್ಟಿಲಲ್ಲಿ ಬಿತ್ತು. ಆಮೇಲೆ ಸರೋಜಕ್ಕ. ಆಮೇಲೆ ಪಕ್ಕದ ಮನೆಯವರು, ಇಬ್ಬರೂ ಒಟ್ಟಿಗೆ. ಬಾಗಿಲು ಒಬ್ಬರು ದಾಟುವಷ್ಟು ಅಗಲ, ದಾಟಲು ನಿಂತವರು ಐವರು, ಸೀನುತ್ತಿದ್ದುದರಿಂದ ಯಾರಿಗೂ ಕಣ್ಣು ಕಾಣದು. ನಾನು ಬಟನ್ ಹುಡುಕಿ ಒತ್ತಿದೆ. ಅದು ಆರಿಸುವ ಬಟನ್ ಅಲ್ಲ, ಮುಖ ಅತ್ತಿತ್ತ ತಿರುಗಿಸುವ ಬಟನ್. ಅಲ್ಲಿಯವರೆಗೆ ಎದುರಿಗೆ ನಿಂತವರಿಗಷ್ಟೇ ಸಿಗುತ್ತಿದ್ದುದು ಮೂಲೆಯಲ್ಲಿದ್ದವರಿಗೂ ಸಮನಾಗಿ ಹಂಚಿಕೆಯಾಯಿತು.

ಹೊರಗೆ ಟ್ರ್ಯಾಕ್ಟರಿನ ಮೇಲೆ ಕುಳಿತಿದ್ದ ನಮ್ಮ ಮನೆಯವರು ಕೂಗಿ ಕೇಳಿದರು.

"ತಿರಗೀತೇನು?"

ಒಬ್ಬರ ಮೇಲೊಬ್ಬರು ಹೊರಗೆ ಉರುಳಿ, ಬೇವಿನ ಗಿಡದ ಸುತ್ತ ಚೆಲ್ಲಾಪಿಲ್ಲಿಯಾಗಿ ನಿಂತು ಸೀನಿದೆವು. ಮಂಜು ಹೇಗೋ ಇನ್ವರ್ಟರ್ ಆರಿಸಿ ಬಂದು ಗಿಡ ತಬ್ಬಿಕೊಂಡು ಸೀನಿದ. ಬೀಗರು ಗೋಡೆ ಹಿಡಿದುಕೊಂಡು ಸೀನಿದರು. ನಾನು ಮುಖ ತೊಳೆಯಲು ತೊಟ್ಟಿಯ ಮೇಲೆ ಬಗ್ಗಿ, ಅದರ ನೀರೆಲ್ಲ ಹಾರುವ ಹಾಗೆ ಸೀನಿದೆ.

ಆಗ ಕೇಳಿದ್ದು ಆ ಸದ್ದು. ಗಲಗಲ, ಗಲಗಲ. ರೂಪಾಳ ಕಂಕುಳಲ್ಲಿ ಕೂಸು ನಗುತ್ತಿತ್ತು. ಎಲ್ಲರೂ ಸೀನುವುದು ಬಿಟ್ಟು ಅತ್ತ ತಿರುಗಿದೆವು. ಕೂಸೂ ಸುಮ್ಮನಾಗಿ ನಮ್ಮನ್ನು ನೋಡಿತು, ಯಾಕೆ ನಿಲ್ಲಿಸಿದಿರಿ ಅನ್ನುವ ಹಾಗೆ. ಬೀಗರು ತಡೆದುಕೊಳ್ಳಲಾಗದೆ ಮತ್ತೊಂದು ಸೀನಿದರು. ಮತ್ತೆ ಗಲಗಲ.

"ಅತ್ತೀ, ನಗಾಕತ್ತಾಳ" ಅಂದಳು ರೂಪಾ. "ಒಮ್ಮೇನೂ ಹಿಂಗ ನಕ್ಕಿದ್ದಿಲ್ಲ."

ನಾನು ಅಳುತ್ತಿದ್ದೆ. ಮೆಣಸಿನ ಘಾಟಿಗೋ ಖುಷಿಗೋ ಗೊತ್ತಾಗಲಿಲ್ಲ, ಎರಡಕ್ಕೂ ಒಂದೇ ನೀರು.

ಸರೋಜಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡು ಎದುರಿಗೆ ಬಂದು ನಿಂತರು. ಮೂಗು ಟೊಮೆಟೊ ಆಗಿತ್ತು.

"ಬೀಗತಿ, ಈ ಗಾಡ್ಯಾಗ ನನ್ನ ಮೊಮ್ಮಗಳನ್ನ ಕಳಸಂಗಿಲ್ಲ."

ಏಳನೇ ತಿಂಗಳು ಕಣ್ಣ ಮುಂ‍ದೆ ಬಂದು ನಿಂತಿತು. ಖಾಲಿ ತೊಟ್ಟಿಲೂ ಬಂತು. ಏನಾದರೂ ಹೇಳಬೇಕು ಅಂತ ಬಾಯಿ ತೆರೆದರೆ ಬಂದದ್ದು ಇನ್ನೊಂದು ಸೀನು. ಅಷ್ಟರಲ್ಲಿ ಟ್ರ್ಯಾಕ್ಟರಿನಿಂದ ಇಳಿದು ಬಂದ ನಮ್ಮ ಮನೆಯವರು ಬಾಯಿ ಬಿಟ್ಟರು.

"ಖರೇ ಹೇಳಬೇಕಂದ್ರ ಬೀಗತಿ, ಅದರಾಗ ಫ್ಯಾನ್ ಇರಲೇ ಇಲ್ಲ. ಇಕಿ ನಿಮಗ ಐತಿ ಅಂದಮ್ಯಾಲ ಹುಟ್ಟಿದ ಫ್ಯಾನ್ ಅದು. ಮೂರು ದಿನಾ ಆತು, ಉಂಡಿಲ್ಲ, ಕುಂತಿಲ್ಲ. ಒಂದ್ಸಲ ಸುಟ್ಟಳು, ಒಂದ್ಸಲ ಆರಿಸಿದಳು, ಈಗ ನಿಮ್ಮನ್ನ ಘಾಟ ಹತ್ತಿಸಿದಳು. ಎಲ್ಲಾ ಆ ಕೂಸಿಗೆ ಗಾಳಿ ಬೇಕಂತ."

ಹೆಂಡತಿಯ ಮಾನವನ್ನು ಪರವೂರಿನ ಓಣಿಯಲ್ಲಿ ಹೀಗೆ ಒಣಹಾಕಿದ ಮೇಲೆ ಅವರು ತಿರುಗಿ ಎಲೆಯಡಿಕೆ ಹಾಕಿಕೊಂಡರು. ಸರೋಜಕ್ಕ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಫ್ಯಾನ್ ಇಲ್ಲ ಅಂದಿದ್ರ ಏನಾಗ್ತಿತ್ರಿ?" ಅಂದರು.

"ಕೂಸಿನ್ನ ಕಳಸೂದಿಲ್ಲ ಅಂತಿದ್ರಿ."

"ಅಂತಿದ್ದೆ" ಅಂತ ಅವರೂ ಒಪ್ಪಿಕೊಂಡರು. ಮೂಗು ಒರೆಸಿಕೊಂಡರು. "ಈಗೂ ಕೂಸಿನ್ನ ಕಳಸಂಗಿಲ್ಲ ಅಂದಿಲ್ಲ. ಈ ಗಾಡ್ಯಾಗ ಕಳಸಂಗಿಲ್ಲ ಅಂದೀನಿ. ಇವತ್ತ ಕರಕೊಂಡ ಹೋಗ್ರಿ. ನಮ್ಮ ಕಾರ್ ತಗೀತಾರ ಇವರು. ನಾವೂ ಬರ್ತೀವಿ, ನಾನು ನಾಕ ದಿನ ಇರ್ತೀನಿ. ನಿಮ್ಮ ಮನ್ಯಾಗ ಇನ್ನೂ ಏನೇನ್ ಜೋಡಿಸಿಟ್ಟೀರೋ, ಕಣ್ಣಾರೆ ನೋಡಿದ್ರ ನನಗ ಸಮಾಧಾನ."

ಕಾರಿನಲ್ಲಿ ತಣ್ಣನೆಯ ಗಾಳಿ ಬರುವ ಯಂತ್ರವೇ ಇತ್ತು. ನಮ್ಮ ಬ್ಯಾಟರಿ ಮೂರು ದಿನ ಸತ್ತು ಹುಟ್ಟಿ ಕೊಡಲಾಗದ್ದನ್ನು ಅದು ಒಂದು ಗುಂಡಿ ಒತ್ತಿದರೆ ಕೊಡುತ್ತಿತ್ತು. ಮೊಮ್ಮಗಳು ಅದರಲ್ಲಿ ಬರುವುದು ಅಂತ ಆಯಿತು. ಗಾಲಿ ಮನೆಯೊಳಗೆ ಇನ್ನೂ ಯಾರೂ ಉಸಿರಾಡುವಂತಿರಲಿಲ್ಲ. ಹೀಗಾಗಿ ನಾನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕುಳಿತೆ. ನಾವು ಮೊದಲೇ ಹೊರಟಿದ್ದೆವು, ಮೋಟೆಬೆನ್ನೂರಿನ ಹತ್ತಿರ ಕಾರು ನಮ್ಮನ್ನು ಹಿಂದೆ ಹಾಕಿತು. ಕಿಟಕಿಯಲ್ಲಿ ರೂಪಾ ಕೂಸಿನ ಕೈ ಹಿಡಿದು ಬೀಸಿಸಿದಳು. ನಾನು ಎರಡೂ ಕೈ ಬೀಸಲು ಹೋಗಿ ಬೀಳುತ್ತಿದ್ದೆ, ನಮ್ಮ ಮನೆಯವರು ಸೆರಗು ಹಿಡಿದು ಎಳೆದು ಕೂಡಿಸಿದರು.

ಕಾರು ಊರ ಅಗಸಿ ಬಾಗಿಲಿನಲ್ಲಿ ನಮಗಾಗಿ ಕಾದಿತ್ತು. ಅತ್ತೆ ಬಂದು ಬರಮಾಡಿಕೊಳ್ಳದೆ ಹೊಸ್ತಿಲು ದಾಟುವುದಿಲ್ಲ ಅಂದಳಂತೆ ರೂಪಾ. ಅಂಥ ಸೊಸೆ ನನಗೆ ಸಿಕ್ಕಿದ್ದು ಯಾವ ಪುಣ್ಯಕ್ಕೋ. ಬಾಗಿಲಲ್ಲಿ ಆರತಿ ಮಾಡಿದೆ. ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಹಿಡಿದು ಬಂದರೆ ಸರೋಜಕ್ಕ ಒಂದು ಹೆಜ್ಜೆ ಹಿಂದೆ ಸರಿದರು.

"ಉಪ್ಪು ಅಷ್ಟ ಸಾಕ್ರಿ. ಮೆಣಸಿನಕಾಯೀದು ಮಧ್ಯಾಹ್ನ ಆತಲ್ಲ."

ಸಂಜೆಗೆ ಪಡಸಾಲೆಯಲ್ಲಿ ಸಾಲಾಗಿ ಎಲ್ಲರೂ ಊಟಕ್ಕೆ ಕುಳಿತೆವು. ಬೀಗರು, ಬೀಗತಿ, ಮಂಜು, ನಮ್ಮ ಮನೆಯವರು, ತೊಡೆಯ ಮೇಲೆ ಕೂಸನ್ನಿಟ್ಟುಕೊಂಡು ರೂಪಾ, ಬಡಿಸಿ ಮುಗಿಸಿ ಕಡೆಗೆ ನಾನು. ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕೆಕಾಳು, ಕಡಲೆಬೇಳೆ ಹೋಳಿಗೆ, ಮೇಲೆ ತುಪ್ಪ. ಬೀಗರು ಎರಡನೇ ರೊಟ್ಟಿ ಮುರಿಯುತ್ತಿದ್ದರು. ಕರೆಂಟು ಹೋಯಿತು.

ಪಡಸಾಲೆಯೆಲ್ಲ ಕತ್ತಲಾಯಿತು. ನನ್ನ ಎದೆ ಮಾತ್ರ ಹಿಗ್ಗಿತು. ಅಂಗಳದಲ್ಲಿ ಗಾಲಿ ಮನೆ ನಿಂತಿತ್ತು. ಅದರ ಬ್ಯಾಟರಿಯ ಹೊಟ್ಟೆಯಲ್ಲಿ ಬ್ಯಾಡಗಿಯ ಕರೆಂಟು ಹಾಗೇ ತುಂಬಿಕೊಂಡಿತ್ತು. ಇನ್ವರ್ಟರ್ ಸರಿಯಾಗಿತ್ತು. ಬೇಕಾದದ್ದು ಒಂದು ಉದ್ದನೆಯ ವಾಯರ್ ಅಷ್ಟೇ. ಕೈ ಕೊಡವಿಕೊಂಡು ಎದ್ದು ನಿಂತೆ.

"ಗಾಬರಿ ಆಗಬ್ಯಾಡ್ರಿ. ಒಂದ ನಿಮಿಷ. ನಾ ಈಗ ಹೋಗಿ..."

"ಬೀಗತಿ" ಅಂತು ಸರೋಜಕ್ಕನ ದನಿ. "ಕುಂದರ್ರಿ."

"ಬರೇ ಬಲ್ಬ್ರಿ, ಫ್ಯಾನ್ ಅಲ್ಲ."

"ಕತ್ತಲದಾಗ ಉಣ್ಣೂಣ್ರಿ" ಅಂದರು ಬೀಗರು. ಅವರು ಅಷ್ಟು ಲಗೂನೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಕುಂದರು ನೀಲವ್ವ" ಅಂದರು ನಮ್ಮ ಮನೆಯವರು. "ಬಾಯಿ ಎಲ್ಲೈತಿ ಅನ್ನೂದು ಎಲ್ಲಾರಿಗೂ ಗೊತ್ತೈತಿ."

ರೂಪಾ ಮೊದಲು ಕಿಸಕ್ಕೆಂದಳು. ಆಮೇಲೆ ಮಂಜು, ಆಮೇಲೆ ಸಾಲಿಗೆ ಸಾಲೇ. ಕತ್ತಲಲ್ಲಿ ತಡವರಿಸಿ ನನ್ನ ತಾಟು ಹುಡುಕಿಕೊಂಡೆ. ಯಾರೋ ಅದರಲ್ಲಿ ಇನ್ನೊಂದು ಹೋಳಿಗೆ ಹಾಕಿದರು, ಬಳೆಯ ಸದ್ದಿನ ಮೇಲೆ ಸರೋಜಕ್ಕ ಅನ್ನಿಸಿತು. ಮೂರು ದಿನದಲ್ಲಿ ಕರೆಂಟಿಗೆ ಸಂಬಂಧಪಟ್ಟ ಹಾಗೆ ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅಂದರೆ, ಎದ್ದವಳು ಮತ್ತೆ ಕುಳಿತದ್ದು.